ಕಾರ್ಬೊರೇಟರ್ ಬಾಯಿಗೊಂದು ಮುಚ್ಚಳ

ನಮ್ಮ ಮನೆಯ ಬಿಎಸ್‌ಎ ಎಂ-20 ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಹಿಂಬದಿಯ ಮೂಲೆಯಲ್ಲಿ ಒಂದು ತಗ್ಗು ಇದೆ. ಚಿಕ್ಕವನಿದ್ದಾಗ ನಾನು ಅದನ್ನು ಗಾಡಿ ಎಲ್ಲೋ ಬಿದ್ದು ಆದ ಪೆಟ್ಟು ಎಂದೇ ತಿಳಿದಿದ್ದೆ. ಆದರೆ ಬಿದ್ದು ಆದ ಪೆಟ್ಟಿನ ಅಂಚು ಅಷ್ಟು ನಯವಾಗಿರುವುದಿಲ್ಲ. ಇದು ಹದವಾಗಿ ಅಚ್ಚಿನಲ್ಲಿ ಒತ್ತಿದಂತಿತ್ತು. ಒಂದು ದಿನ ಗಾಡಿ ಒರೆಸುತ್ತಿದ್ದ ತಾತನನ್ನು ಕೇಳಿದಾಗ ಅವರು, "ಅದು ಬಿದ್ದು ಆದದ್ದಲ್ಲ ಕಣಪ್ಪ, ಕಾರ್ಖಾನೆಯಲ್ಲೇ ಹಾಗೆ ಮಾಡಿದ್ದಾರೆ. ಈ ಗಾಡಿಗೆ ಮೊದಲು ಮೂಗು ಟ್ಯಾಂಕಿನ ಮೇಲಿತ್ತು" ಎಂದಿದ್ದರು. ಮೂಗು ಎಂದರೆ ಏನೆಂದು ನನಗೆ ತಿಳಿಯಲು ಮುಂದೆ ಇಪ್ಪತ್ತು ವರ್ಷ ಹಿಡಿಯಿತು, ಅದೂ ಎಂಜಿನ್ ಒಮ್ಮೆ ಕೆಟ್ಟ ಮೇಲೆ.

ಎಂ-20 ಗಾಡಿಯನ್ನು ವಾಲ್ ಪೇಜ್ ಎಂಬ ವಿನ್ಯಾಸಕಾರರು 1937ರ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಗಾಗಿ ರೂಪಿಸಿದರು. 496 ಸಿಸಿಯ, ಪಕ್ಕದಲ್ಲಿ ವಾಲ್ವ್ ಇರುವ, 13 ಅಶ್ವಶಕ್ತಿಯ ಈ ಎಂಜಿನ್ನಿನಲ್ಲಿ ವೇಗಕ್ಕಿಂತ ತಾಳಿಕೆ ದೊಡ್ಡದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದೂಕಾಲು ಲಕ್ಷಕ್ಕೂ ಹೆಚ್ಚು ಗಾಡಿಗಳು ಸೈನ್ಯಕ್ಕಾಗಿ ತಯಾರಾದವು. ಅವುಗಳಲ್ಲಿ ಕೆಲವು ಭಾರತಕ್ಕೂ ಬಂದವು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಜನರ ಕೈ ಸೇರಿದವು. ತಾತ ಕೊಂಡದ್ದು ಅಂಥದ್ದೊಂದನ್ನು. ಯುದ್ಧದ ಮೊದಲ ವರ್ಷಗಳಲ್ಲಿ ಉತ್ತರ ಆಫ್ರಿಕಾದ ಮರಳುಗಾಡಿಗೆ ಹೋದ ಗಾಡಿಗಳಿಗೆ ಶತ್ರುವಿನಷ್ಟೇ ಧೂಳೂ ದೊಡ್ಡ ತೊಂದರೆಯಾಗಿತ್ತು. ಆಗ ವೋಕ್ಸ್ ಕಂಪನಿಯ ಒಂದು ಫಿಲ್ಟರ್ ಡಬ್ಬಿಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿ, ಅಲ್ಲಿಂದ ಒಂದು ಬಾಗಿದ ಕೊಳವೆಯನ್ನು ಕೆಳಗಿಳಿಸಿ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್‌ಗೆ ಸೇರಿಸಿದರು. ಆ ಕೊಳವೆ ಇಳಿಯಲು ದಾರಿಯಾಗಲೆಂದೇ ಟ್ಯಾಂಕಿನಲ್ಲಿ ತಗ್ಗು ಮಾಡಿದ್ದು. ಚಕ್ರದ ಬಳಿ ಏಳುವ ಧೂಳು ನೆಲದ ಹತ್ತಿರ ದಟ್ಟವಾಗಿಯೂ ಮೇಲೆ ಹೋದಂತೆ ತೆಳುವಾಗಿಯೂ ಇರುತ್ತದೆ; ಹೊಳೆ ದಾಟುವ ಆನೆ ಸೊಂಡಿಲನ್ನು ನೀರಿನ ಮೇಲೆ ಎತ್ತಿಕೊಳ್ಳುವಂತೆ ಈ ಗಾಡಿ ತನ್ನ ಉಸಿರಿನ ಬಾಯಿಯನ್ನು ಸವಾರನ ಹೊಟ್ಟೆಯ ಎತ್ತರಕ್ಕೆ ಎತ್ತಿಕೊಂಡಿತು. ಅದೇ ಕಾಲದಲ್ಲಿ ಅದೇ ವೋಕ್ಸ್ ಹೆಸರಿನ ಫಿಲ್ಟರನ್ನು ಸ್ಪಿಟ್‌ಫೈರ್ ಯುದ್ಧವಿಮಾನದ ಮೂತಿಯ ಕೆಳಗೂ ಕಟ್ಟಿದ್ದರು. ಅದರಿಂದ ವಿಮಾನದ ಗಲ್ಲ ಊದಿಕೊಂಡಂತೆ ಕಂಡಿತು, ವೇಗವೂ ಕುಗ್ಗಿತು. ವೇಗ ಕುಗ್ಗಿದರೂ ಚಿಂತೆಯಿಲ್ಲ, ಎಂಜಿನ್ ಉಳಿಯಲಿ ಎಂದು ಅದನ್ನು ಒಪ್ಪಿಕೊಂಡರು ಎಂಬುದೇ ಧೂಳಿನ ಹಾವಳಿ ಎಷ್ಟಿತ್ತೆಂದು ಹೇಳುತ್ತದೆ.

ಒಂದು ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡದವರಿಗೆ ಈ ಮುಚ್ಚಳದ ಮಾತೆಲ್ಲ ಅತಿಯಾಯಿತು ಅನ್ನಿಸಬಹುದು. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಸುಮಾರು 11 ಕಿಲೋ ಗಾಳಿ ಬೇಕು. ಅಂದರೆ ಹೆಚ್ಚುಕಡಿಮೆ 9 ಸಾವಿರ ಲೀಟರ್. ಮೈಸೂರಿನಿಂದ ಹಾಸನಕ್ಕೆ ಹೋಗಲು ನನ್ನ ಗಾಡಿಗೆ 5 ಲೀಟರ್ ಪೆಟ್ರೋಲ್ ಸಾಕು. ಆದರೆ ಆ ದಾರಿಯಲ್ಲಿ ಅದು ಒಂದು ಇಂಚು ಅಗಲದ ತೂತಿನ ಮೂಲಕ ನಲವತ್ತೈದು ಸಾವಿರ ಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆಗೆ ಮುಂದೆ ಹೋಗುವ ಲಾರಿ ಎಬ್ಬಿಸಿದ ಧೂಳು, ರಸ್ತೆ ಬದಿಯಲ್ಲಿ ಒಣಗಲು ಹಾಕಿದ ಹುರುಳಿಯ ಹೊಟ್ಟು, ಸಂಜೆ ದೀಪಕ್ಕೆ ಮುತ್ತುವ ಹುಳ ಎಲ್ಲವೂ ಬರುತ್ತವೆ. ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ, ಅದು ಬೋರಿನ, ಅಂದರೆ ಪಿಸ್ಟನ್ ಆಡುವ ಸಿಲಿಂಡರಿನ, ಎರಕದ ಕಬ್ಬಿಣಕ್ಕಿಂತ ಗಟ್ಟಿ. ಬೋರಿನ ಗೋಡೆಯ ಎಣ್ಣೆಯೊಡನೆ ಅದು ಬೆರೆತಾಗ, ನಾವು ವಾಲ್ವ್ ಕೂರಿಸಲು ಬಳಸುವ ಅರೆಯುವ ಪೇಸ್ಟ್‌ನಂಥದ್ದೇ ಒಂದು ಪದಾರ್ಥ ಪಿಸ್ಟನ್ ರಿಂಗ್‌ಗಳ ನಡುವೆ ತಯಾರಾಗುತ್ತದೆ. ಆಮೇಲೆ ನಾವು ಓಡಿಸುವ ಪ್ರತಿ ಕಿಲೋಮೀಟರೂ ಬೋರನ್ನು ಅರೆಯುವ ಕೆಲಸವೇ.

ತಾತನ ಕೈಗೆ ಗಾಡಿ ಬಂದು ಕೆಲವು ವರ್ಷಗಳಲ್ಲೇ ಆ ವೋಕ್ಸ್ ಡಬ್ಬಿ ಹೋಯಿತು. ರಿಪೇರಿಗೆ ಬಿಟ್ಟಿದ್ದ ಒಂದು ಗ್ಯಾರೇಜಿನಲ್ಲಿ, ಇದು ಮರಳುಗಾಡಿನ ಸಾಮಾನು, ನಮ್ಮೂರಿಗೆ ಬೇಡ, ತೆಗೆದರೆ ಗಾಡಿ ಚುರುಕಾಗುತ್ತದೆ ಎಂದು ಹೇಳಿ ತೆಗೆದಿಟ್ಟರಂತೆ; ತೆಗೆದಿಟ್ಟದ್ದು ಮತ್ತೆ ಸಿಗಲಿಲ್ಲ. ಗಾಡಿ ಚುರುಕಾದದ್ದು ನಿಜವಿರಬಹುದು. ಅದರ ಬದಲಿಗೆ ಕಾರ್ಬೊರೇಟರ್‌ನ ಬಾಯಿಗೆ ಒಂದು ಹಿತ್ತಾಳೆಯ ಬೆಲ್‌ಮೌತ್ ತಿರುಗಿಸಿ ಕೂರಿಸಿದರು. ನಾನು ಕಂಡ ಗಾಡಿ ಇದು: ಹಿಂದಿನ ಚಕ್ರದ ಕಡೆಗೆ ಉಮ್ಮತ್ತಿ ಹೂವಿನಂತೆ ಅಂಚು ಅರಳಿದ, ಸದಾ ತೆರೆದೇ ಇರುವ ಹಿತ್ತಾಳೆಯ ಬಾಯಿ.

ಆ ಅರಳಿದ ಅಂಚು ಅಲಂಕಾರಕ್ಕಾಗಿ ಬಂದದ್ದಲ್ಲ. ಕೊಳವೆಯ ಬಾಯಿಗೆ ಗಾಳಿ ನೇರವಾಗಿ ಎದುರಿನಿಂದ ಮಾತ್ರ ಬರುವುದಿಲ್ಲ, ಸುತ್ತಲಿಂದಲೂ, ಹಿಂದಿನಿಂದಲೂ ಬಾಗಿ ಬಂದು ಒಳನುಗ್ಗುತ್ತದೆ. ಕೊಳವೆಯ ಅಂಚು ಚೂಪಾಗಿ ಕತ್ತರಿಸಿದಂತಿದ್ದರೆ ಹೀಗೆ ಪಕ್ಕದಿಂದ ಬಂದ ಗಾಳಿ ಆ ಅಂಚಿನಲ್ಲಿ ಥಟ್ಟನೆ ತಿರುಗಲಾರದೆ ಗೋಡೆಯನ್ನು ಬಿಟ್ಟು ಮಧ್ಯಕ್ಕೆ ಸರಿಯುತ್ತದೆ. ಆಗ ಕೊಳವೆ ಒಂದು ಇಂಚಿನದ್ದಾದರೂ ಗಾಳಿಗೆ ಸಿಗುವ ದಾರಿ ಅದಕ್ಕಿಂತ ಕಿರಿದು. ಅಂಚನ್ನು ದುಂಡಗೆ ಅರಳಿಸಿದರೆ ಗಾಳಿ ಆ ಬಾಗನ್ನೇ ಹಿಡಿದು ಜಾರಿ ಒಳಗೆ ಬರುತ್ತದೆ. ಜಾತ್ರೆಯ ದಿನ ಗುಡಿಯ ಬಾಗಿಲಿಗೆ ಜನ ಎರಡೂ ಪಕ್ಕದಿಂದ ನುಗ್ಗಿದಾಗ ಬಾಗಿಲ ನಡುವೆ ಮಾತ್ರ ಸಾಗುವುದನ್ನೂ, ಅದೇ ಬಾಗಿಲಿಗೆ ಬೊಂಬು ಕಟ್ಟಿ ಅಗಲದಿಂದ ಕಿರಿದಾಗುತ್ತ ಬರುವ ದಾರಿ ಮಾಡಿದಾಗ ಜನ ಸರಾಗವಾಗಿ ಹೋಗುವುದನ್ನೂ ನೋಡಿದವರಿಗೆ ಬೆಲ್‌ಮೌತ್‌ನ ಕೆಲಸ ಬೇಗ ಅರ್ಥವಾಗುತ್ತದೆ.

ತೆರೆದ ಬಾಯಿಗೆ ನಮ್ಮಲ್ಲಿ ಒಂದು ಮೋಹ ಬೆಳೆದದ್ದು ರೇಸಿನ ಗಾಡಿಗಳಿಂದ. ಬಿಎಸ್‌ಎ ಗೋಲ್ಡ್ ಸ್ಟಾರ್ ಡಿಬಿಡಿ-34 ಗಾಡಿಯ ಒಂದೂವರೆ ಇಂಚಿನ ಅಮಾಲ್ ಜಿಪಿ ಕಾರ್ಬೊರೇಟರ್‌ಗೆ ಫಿಲ್ಟರ್ ಇರಲಿಲ್ಲ, ಬೆಲ್‌ಮೌತ್ ಮಾತ್ರ. 1965ರ ವೆಲೊಸೆಟ್ ಥ್ರಕ್ಸ್‌ಟನ್ ಗಾಡಿಯಲ್ಲಂತೂ ಕಾರ್ಬೊರೇಟರ್‌ಗೆ ಜಾಗ ಮಾಡಿಕೊಡಲು ಪೆಟ್ರೋಲ್ ಟ್ಯಾಂಕನ್ನೇ ಕತ್ತರಿಸಿದಂತೆ ಒಳಕ್ಕೆ ತಗ್ಗಿಸಿದ್ದರು. ನನ್ನ ಗಾಡಿಯ ಟ್ಯಾಂಕಿನ ತಗ್ಗು ಧೂಳನ್ನು ತಡೆಯಲು, ಅದರದ್ದು ಇನ್ನಷ್ಟು ಗಾಳಿ ಎಳೆಯಲು. ಎರಡೂ ಅವುಗಳ ಜಾಗದಲ್ಲಿ ಸರಿ. ರೇಸಿನ ಎಂಜಿನನ್ನು ಒಂದೆರಡು ಸ್ಪರ್ಧೆ ಮುಗಿದೊಡನೆ ಬಿಚ್ಚಿ, ರಿಂಗ್ ಬದಲಿಸಿ, ಬೋರ್ ಅಳೆದು ಮತ್ತೆ ಕಟ್ಟುವವರಿದ್ದರು. ಮೊಮ್ಮಕ್ಕಳ ಕಾಲಕ್ಕೂ ಓಡಲಿ ಎಂದು ನಾವು ಇಟ್ಟುಕೊಂಡಿರುವ ಗಾಡಿಗೆ ಆ ವೇಷ ಹಾಕುವುದು ನನಗೆ ಒಪ್ಪಿಗೆಯಾಗದ ವಿಷಯ. ಹೊಳೆಯುವ ಬೆಲ್‌ಮೌತ್ ನೋಡಲು ಚಂದ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ; ನನ್ನದನ್ನು ನಾನೂ ಹುಣಸೆಹಣ್ಣು ಹಚ್ಚಿ ಉಜ್ಜುತ್ತೇನೆ. ಆದರೆ ಅದರ ಮುಂದೆ ಏನಾದರೂ ಇರಬೇಕು, ಗಾಡಿ ನಿಂತಾಗ ಅದು ಮುಚ್ಚಿರಬೇಕು ಎಂಬ ಎರಡು ಮಾತನ್ನು ನಾನು ಈಗ ಬಿಡಲಾರೆ.

ಅದಕ್ಕೆ ಕಾರಣವಾದ ಘಟನೆಯನ್ನು ಇಲ್ಲಿ ವಿವರವಾಗಿಯೇ ಬರೆಯುತ್ತೇನೆ.

ಒಂದು ಬೇಸಿಗೆಯಲ್ಲಿ ಊರಿಗೆ ಹೋದಾಗ ಗಾಡಿಯನ್ನು ಅಲ್ಲಿನ ಹಳೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬಂದಿದ್ದೆ. ಮೂರು ವಾರದ ನಂತರ ಮತ್ತೆ ಹೋಗಿ, ಮೇಲಿದ್ದ ಗೋಣಿತಾಟು ತೆಗೆದು, ಟೈರಿಗೆ ಗಾಳಿ ಹೊಡೆದು, ಕಾರ್ಬೊರೇಟರ್ ತುಂಬ ಪೆಟ್ರೋಲ್ ಬರಿಸುವ ಟಿಕ್ಲರ್ ಗುಂಡಿ ಒತ್ತಿ ಕಿಕ್ ಹೊಡೆದೆ. ಎಂಜಿನ್ ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಆಕ್ಸಿಲರೇಟರ್ ಹಿಡಿ ಎಂದಿನಂತೆ ಸಲೀಸಾಗಿ ತಿರುಗುತ್ತಿರಲಿಲ್ಲ. ಏನೋ ಅಂಟಿಕೊಂಡಂತೆ ಬಿಗಿಯಾಗಿತ್ತು. ಕೇಬಲ್ ಒಣಗಿದೆ, ಸಂಜೆ ಎಣ್ಣೆ ಬಿಟ್ಟರಾಯಿತು ಎಂದುಕೊಂಡೆ. ಸ್ವಲ್ಪ ಬಲ ಹಾಕಿ ತಿರುಗಿಸಿದಾಗ ಒಳಗೆ ಏನೋ ಕಳಚಿಕೊಂಡಂತಾಗಿ ಹಿಡಿ ಸಡಿಲವಾಯಿತು. ಪೂರ್ತಿ ತೆರೆದು ಮತ್ತೆ ಕಿಕ್ ಹೊಡೆದಾಗ ಎಂಜಿನ್ ಭರ್ರನೆ ಹೊತ್ತಿಕೊಂಡಿತು. ನನಗೆ ಸಂತೋಷವಾಯಿತು. ಆರೇಳು ಕಿಲೋಮೀಟರ್ ಹೋಗುವಷ್ಟರಲ್ಲಿ ಸೈಲೆನ್ಸರಿನ ದನಿ ಬದಲಾಯಿತು, ನೀಲಿ ಹೊಗೆ ಶುರುವಾಯಿತು, ಏರು ಹತ್ತುವಾಗ ಶಕ್ತಿ ಇಲ್ಲದಾಯಿತು. ನಿಲ್ಲಿಸಿ ಕಿಕ್ಕರನ್ನು ಕೈಯಿಂದ ಒತ್ತಿದರೆ ತಡೆಯೇ ಇಲ್ಲದೆ ಕೆಳಗಿಳಿಯಿತು.

ರಸ್ತೆ ಬದಿಯಲ್ಲಿ ಕುಳಿತು ಬೆಲ್‌ಮೌತ್‌ನ ಒಳಗೆ ಬೆರಳಿಟ್ಟಾಗ ತುದಿಗೆ ಕೆಂಪು ಮಣ್ಣು ಹತ್ತಿತು. ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಗಂಟಲಿನ ಮೇಲ್ಭಾಗಕ್ಕೆ ಇನ್ನೂ ಅರ್ಧ ಅಂಟಿಕೊಂಡಿದ್ದ ಮಣ್ಣಿನ ಗೂಡು, ಅದರೊಳಗೆ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದ ಮೂರು ಹಸಿರು ಕಂಬಳಿಹುಳ. ಕಡಜ ಕಟ್ಟಿದ ಗೂಡು ಅದು. ಕೀಟಭೃಂಗ ನ್ಯಾಯ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಭೃಂಗವೇ ಇದು. ಹುಳುವನ್ನು ಕುಟುಕಿ, ಸಾಯಿಸದೆ ಅಲುಗದಂತೆ ಮಾಡಿ, ತನ್ನ ಮರಿಗೆ ಆಹಾರವಾಗಿ ಗೂಡಿನೊಳಗಿಟ್ಟು ಬಾಯಿ ಮೆತ್ತುತ್ತದೆ. ಬೆರಳು ಹಿಡಿಸುವಷ್ಟು ತೂತು, ನೆರಳು, ಅಲುಗಾಟವಿಲ್ಲದ ಜಾಗ, ಇಷ್ಟು ಸಿಕ್ಕರೆ ಅದಕ್ಕೆ ಗೋಡೆಯಾದರೂ ಸರಿ, ಬಾಗಿಲ ಚಿಲಕದ ರಂಧ್ರವಾದರೂ ಸರಿ. ನನ್ನ ಕಾರ್ಬೊರೇಟರ್‌ನಲ್ಲಿ ಅದು ಗೂಡಿನ ಹಿಂಗೋಡೆಯನ್ನು ನೇರವಾಗಿ, ಹಿಡಿ ತಿರುಗಿಸಿದಾಗ ಮೇಲೆದ್ದು ಗಾಳಿಗೆ ದಾರಿ ಬಿಡುವ ಸ್ಲೈಡಿನ ಮೇಲೆಯೇ ಕಟ್ಟಿತ್ತು. ಹಿಡಿ ಬಿಗಿಯಾದದ್ದು ಅದರಿಂದ. ನಾನು ಬಲ ಹಾಕಿದಾಗ ಕಳಚಿದ್ದು ಆ ಗೋಡೆ. ಪೂರ್ತಿ ತೆರೆದು ಕಿಕ್ ಹೊಡೆದಾಗ ಎಂಜಿನ್ ನುಂಗಿದ್ದು ಒಣಗಿದ ಆ ಮಣ್ಣನ್ನು.

ಹೆಡ್ ಬಿಚ್ಚಿದಾಗ ಬೋರಿನ ಒಳಗೋಡೆಯಲ್ಲಿ ಮೇಲಿಂದ ಕೆಳಗೆ ಉದ್ದಕ್ಕೂ ಗೆರೆಗಳಿದ್ದವು, ಉಗುರು ಆಡಿಸಿದರೆ ತಡೆಯುವಷ್ಟು ಆಳ. ಪಿಸ್ಟನ್ನಿನ ಒಂದು ಪಕ್ಕ ಮರಳು ಕಾಗದ ಉಜ್ಜಿದಂತೆ ಬೂದಾಗಿತ್ತು. 82 ಮಿ.ಮೀ. ಇದ್ದ ಬೋರನ್ನು 40 ಥೌ, ಅಂದರೆ ಸುಮಾರು ಒಂದು ಮಿಲಿಮೀಟರ್ ದೊಡ್ಡದು ಮಾಡಿಸಬೇಕಾಯಿತು. ಓವರ್‌ಸೈಜ್ ಪಿಸ್ಟನ್ ಸಿಗಲು ನಾಲ್ಕು ತಿಂಗಳು ಕಾದೆ. ಬೋರಿಗೆ ಇನ್ನೆಷ್ಟು ಸಲ ಹೀಗೆ ದೊಡ್ಡದಾಗುವ ಆಯುಸ್ಸಿದೆ ಎಂಬುದು ಎಣಿಸಿಟ್ಟ ಲೆಕ್ಕ. ತಾತ ಮೂವತ್ತು ವರ್ಷ ಓಡಿಸಿ ಸವೆಸದ ಕಬ್ಬಿಣವನ್ನು ನಾನು ಏಳು ಕಿಲೋಮೀಟರಿನಲ್ಲಿ ಕಳೆದಿದ್ದೆ. ಆ ನೋವು ಈಗಲೂ ಇದೆ.

ಗಾಡಿ ಮತ್ತೆ ಕಟ್ಟುವಾಗ ಮೊದಲು ಯೋಚಿಸಿದ್ದು ಜಾಲರಿಯ ಬಗ್ಗೆ. ಚಹಾ ಸೋಸುವ ಜಾಲರಿಯನ್ನು ಕತ್ತರಿಸಿ ಬೆಲ್‌ಮೌತ್‌ನ ಒಳಗೆ, ಕಿರಿದಾದ ಗಂಟಲಿನ ಹತ್ತಿರ ತುರುಕಿದವರನ್ನು ನಾನು ನೋಡಿದ್ದೇನೆ. ಅದು ಜಾಗ ತಪ್ಪಿದ ಕೆಲಸ. ಒಂದು ಇಂಚಿನ ಗಂಟಲಿನ ವಿಸ್ತೀರ್ಣ ಸುಮಾರು 500 ಚದರ ಮಿಲಿಮೀಟರ್. ಇಂಚಿಗೆ 30 ಕಣ್ಣಿರುವ, ಕಾಲು ಮಿಲಿಮೀಟರ್ ತಂತಿಯ ಜಾಲರಿಯಲ್ಲಿ ತೆರೆದ ಜಾಗ ಸರಿಸುಮಾರು ಅರ್ಧ, ಉಳಿದರ್ಧ ತಂತಿಯೇ. ಗಂಟಲಿನಲ್ಲೇ ಅದನ್ನು ಕೂರಿಸಿದರೆ ಗಾಳಿಗೆ 250 ಉಳಿಯುತ್ತದೆ, ಎಂಜಿನ್ ಉಸಿರುಗಟ್ಟುತ್ತದೆ. ಅದೇ ಜಾಲರಿಯನ್ನು ಬೆಲ್‌ಮೌತ್‌ನ ಅರಳಿದ ಹೊರ ಅಂಚಿನಲ್ಲಿ ಕೂರಿಸಿದರೆ ಲೆಕ್ಕ ಬೇರೆ. ನನ್ನದರ ಹೊರ ವ್ಯಾಸ 40 ಮಿ.ಮೀ.; ಅಲ್ಲಿನ ವಿಸ್ತೀರ್ಣ 1250, ಅದರಲ್ಲಿ ಅರ್ಧ 625. ಗಂಟಲಿಗೆ ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಹೀಗೆ ಅಗಲವಾದ ಬಾಯಿಯಲ್ಲಿಯೇ ಜಾಲರಿ ಇರಬೇಕೆಂಬುದು ಲೆಕ್ಕ ಹಾಕಿದ ಮೇಲೆ ನನಗೆ ಖಚಿತವಾಯಿತು. ಜಾಲರಿಯನ್ನು ಸ್ವಲ್ಪ ಉಬ್ಬಿಸಿ, ಬಟ್ಟಲು ಕವುಚಿದಂತೆ ಮಾಡಿದರೆ ವಿಸ್ತೀರ್ಣ ಇನ್ನೂ ಹೆಚ್ಚುತ್ತದೆ. ನಾನು ಹಾಗೆಯೇ ಮಾಡಿದೆ.

ಯಾವ ಲೋಹದ ಜಾಲರಿ ಎಂಬುದೂ ಮುಖ್ಯ. ಕಿಟಕಿಗೆ ಸೊಳ್ಳೆ ಬಾರದಂತೆ ಹಾಕುವ ಅಲ್ಯೂಮಿನಿಯಂ ಜಾಲರಿ ಎಂ-20 ಎಂಜಿನ್ನಿನ ನಡುಕವನ್ನು ಹೆಚ್ಚು ದಿನ ತಡೆಯುವುದಿಲ್ಲ. ಎಳೆ ತುಂಡಾಗುತ್ತದೆ, ತುಂಡಾದ ಎಳೆ ಹೋಗುವುದು ಒಳಕ್ಕೇ. ಹಾಗಾದರೆ ಜಾಲರಿಯೇ ಕಡಜದ ಮಣ್ಣಿಗಿಂತ ಕೆಟ್ಟದ್ದಾಯಿತು. ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ತಂದು, ಸುತ್ತಲ ಅಂಚನ್ನು ಒಂದು ಹಿತ್ತಾಳೆ ಬಳೆಯೊಳಗೆ ಕೂರಿಸಿ, ಪ್ರತಿಯೊಂದು ಎಳೆಯ ತುದಿಯೂ ಬೆಸುಗೆಯಲ್ಲಿ ಮುಳುಗುವಂತೆ ಬೆಸೆಯಬೇಕು. ಮೈಸೂರಿನಲ್ಲಿ ಹಳೆಯ ಸ್ಟೌ ರಿಪೇರಿ ಮಾಡುವ ಒಬ್ಬರು ನನಗೆ ಇದನ್ನು ಮಾಡಿಕೊಟ್ಟರು. ಬೆಸುಗೆ ಆರಿದ ಮೇಲೆ ಅವರು ಜಾಲರಿಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟಿ, ಸದ್ದು ಒಂದೇ ಸಮ ಬರುತ್ತಿದೆಯೇ ಎಂದು ಸುತ್ತಲೂ ಪರೀಕ್ಷಿಸಿದರು. ಒಂದು ಕಡೆ ದನಿ ಮಂದವಾಯಿತು. ಅಲ್ಲಿ ಎರಡು ಎಳೆ ಬೆಸೆದಿರಲಿಲ್ಲ. ಮತ್ತೆ ಕಾಯಿಸಿ ಸರಿಪಡಿಸಿದರು. ಅಂಥ ಕಿವಿ ಇರುವವರ ಕೈಗೆ ಕೆಲಸ ಕೊಟ್ಟದ್ದು ನನ್ನ ಪುಣ್ಯ.

ಜಾಲರಿಯಿಂದ ಇನ್ನೂ ಒಂದು ಉಪಕಾರವಿದೆ. ಹಳೆಯ ಗಾಡಿಗಳು ಕೆಲವೊಮ್ಮೆ ಕಾರ್ಬೊರೇಟರ್ ಮೂಲಕ ಹಿಂದಕ್ಕೆ ಸೀನುತ್ತವೆ, ಆ ಸೀನಿನಲ್ಲಿ ಬೆಂಕಿಯೂ ಬರಬಹುದು. ಟಿಕ್ಲರ್ ಒತ್ತಿ ಪೆಟ್ರೋಲ್ ಚೆಲ್ಲಿರುವ ಹೊತ್ತಿನಲ್ಲಿ ಅದು ಆದರೆ ಅಪಾಯ ಸಣ್ಣದಲ್ಲ. ಲೋಹದ ಸಣ್ಣ ಕಣ್ಣಿನ ಜಾಲರಿ ಜ್ವಾಲೆಯ ಬಿಸಿಯನ್ನು ಹೀರಿ ಅದನ್ನು ಆಚೆಗೆ ದಾಟದಂತೆ ತಡೆಯುತ್ತದೆ ಎಂಬುದನ್ನು ಹಂಫ್ರಿ ಡೇವಿ 1815ರಲ್ಲಿ ಗಣಿಯ ದೀಪದಲ್ಲಿ ತೋರಿಸಿಕೊಟ್ಟರು. ಕಾರ್ಬೊರೇಟರ್‌ನ ಸೀನಿನ ರಭಸ ದೀಪದ ಜ್ವಾಲೆಗಿಂತ ಹೆಚ್ಚಾದ್ದರಿಂದ ಪೂರ್ತಿ ಭರವಸೆ ಇಡಬಾರದು, ಆದರೂ ಇಲ್ಲದಿರುವುದಕ್ಕಿಂತ ಇರುವುದು ಮೇಲು. ಹಾಗೆಂದು ಜಾಲರಿಯನ್ನು ಫಿಲ್ಟರ್ ಎಂದು ಭಾವಿಸಬಾರದು. ಅರ್ಧ ಮಿಲಿಮೀಟರಿಗಿಂತ ದೊಡ್ಡ ಕಣ್ಣಿನ ಮೂಲಕ ಹುಳ, ಎಲೆಯ ಚೂರು, ಜಲ್ಲಿಯ ಕಣ ಬರಲಾರವು. ಬೋರನ್ನು ನಿಧಾನವಾಗಿ ತಿನ್ನುವ ಹಿಟ್ಟಿನಂಥ ಧೂಳು ಸಲೀಸಾಗಿ ಬರುತ್ತದೆ. ಮಣ್ಣಿನ ರಸ್ತೆಗೆ ಇಳಿಯುವುದಾದರೆ ನಾನು ಜಾಲರಿ ತೆಗೆದು, ಎಣ್ಣೆಯಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯ ಪದರಗಳಿರುವ ಸಣ್ಣ ಫಿಲ್ಟರ್ ಹಾಕಿಕೊಳ್ಳುತ್ತೇನೆ. ಸ್ಪಂಜಿನ ಫಿಲ್ಟರ್ ಬಳಸುವವರು ವರ್ಷಕ್ಕೊಮ್ಮೆಯಾದರೂ ಅದನ್ನು ಬೆರಳಿನಿಂದ ಹಿಸುಕಿ ನೋಡಬೇಕು, ಹಳೆಯದಾದ ಸ್ಪಂಜು ರವೆಯಂತೆ ಉದುರಿ ತಾನೇ ಒಳಗೆ ಹೋಗುತ್ತದೆ.

ಮುಚ್ಚಳ ಬದಲಾದರೆ, ಕಾರ್ಬೊರೇಟರ್ ಒಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ ಕೂಡ ಬದಲಾಗಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅಮಾಕ್, ಬ್ರೌನ್ ಅಂಡ್ ಬಾರ್ಲೊ, ಬಿಂಕ್ಸ್ ಎಂಬ ಮೂರು ಕಂಪನಿಗಳು 1920ರ ದಶಕದ ಕೊನೆಯಲ್ಲಿ ಒಂದಾಗಿ ಹುಟ್ಟಿದ ಅಮಾಲ್ ಕಂಪನಿ ತನ್ನ ಮೇನ್ ಜೆಟ್‌ಗಳ ಮೇಲೆ ತೂತಿನ ಅಳತೆಯನ್ನಲ್ಲ, ನಿಮಿಷಕ್ಕೆ ಅದರಲ್ಲಿ ಹರಿಯುವ ಪೆಟ್ರೋಲಿನ ಅಳತೆಯನ್ನು ಘನ ಸೆಂಟಿಮೀಟರಿನಲ್ಲಿ ಕೊರೆಯುತ್ತದೆ. ನನ್ನ ಗಾಡಿಯಲ್ಲಿದ್ದದ್ದು 170. ಬಾಯಿಗೆ ಅಡ್ಡವಾಗಿ ಫಿಲ್ಟರ್ ಬಂದರೆ ಒಳಗಿನ ಸೆಳೆತ ಹೆಚ್ಚುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಗಿ ಮಿಶ್ರಣ ದಪ್ಪವಾಗುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಫಿಲ್ಟರ್ ಕಿತ್ತು ಜೆಟ್ ಹಾಗೇ ಬಿಟ್ಟರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಗಾಡಿ ಚುರುಕಾಯಿತು ಎಂದು ನಾವು ಸಂತೋಷಪಡುವ ಎಷ್ಟೋ ಸಂದರ್ಭದಲ್ಲಿ ಒಳಗೆ ಪಿಸ್ಟನ್ ಬೇಯುತ್ತಿರುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ನೂರಕ್ಕೆ ಸುಮಾರು 8ರಷ್ಟು ತೆಳು. ಇಂಗ್ಲೆಂಡಿನ ತಗ್ಗಿನಲ್ಲಿ ಹದ ಮಾಡಿದ ಜೆಟ್ ಇಲ್ಲಿ ಮೊದಲೇ ತುಸು ದಪ್ಪ. ನಾನು ಫಿಲ್ಟರ್ ಹಾಕಿದ ದಿನಗಳಲ್ಲಿ 160 ಹಾಕಿ, ಏರಿನಲ್ಲಿ ಪೂರ್ತಿ ತೆರೆದು ಒಂದೆರಡು ಕಿಲೋಮೀಟರ್ ಓಡಿಸಿ, ಎಂಜಿನನ್ನು ಥಟ್ಟನೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡುತ್ತೇನೆ. ಹುರಿದ ಕಾಫಿಬೀಜದ ತೆಳು ಬಣ್ಣ ಬಂದಿದ್ದರೆ ಮುಂದಕ್ಕೆ ಹೋಗುತ್ತೇನೆ.

ಇನ್ನು ನಿಂತ ಗಾಡಿಯ ಮುಚ್ಚಳ. ಕೊಟ್ಟಿಗೆಯ ಘಟನೆಯ ನಂತರ ಮೊದಲು ಬಟ್ಟೆ ಗಿಡಿದೆ. ಅದು ಇಲಿಗೆ ಹಾಸಿಗೆಯಾಗುತ್ತದೆ, ಮರೆತರೆ ಎಂಜಿನ್ನಿನೊಳಗೂ ಹೋಗುತ್ತದೆ. ಔಷಧಿ ಬಾಟಲಿಯ ರಬ್ಬರ್ ಮುಚ್ಚಳ ಪೆಟ್ರೋಲಿನ ಆವಿಗೆ ಉಬ್ಬಿ ಅಂಟಾಯಿತು. ಕೊನೆಗೆ ಬೆಂಗಳೂರಿನಿಂದ ಬರುವಾಗ ಚನ್ನಪಟ್ಟಣದಲ್ಲಿ ನಿಲ್ಲಿಸಿ, ಬೊಂಬೆ ಮಾಡುವ ಒಬ್ಬ ಹಿರಿಯರ ಮುಂದೆ ಬೆಲ್‌ಮೌತನ್ನೇ ಬಿಚ್ಚಿ ಇಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಇದಕ್ಕೆ ಬಿರಡೆ ಬೇಕಾ ಸ್ವಾಮಿ? ಬುಗುರಿ ಮಾಡಿದ ಹಾಗೇ ಮಾಡಬೇಕು" ಎಂದರು. ಲೇತಿಗೆ ಆಲೆ ಮರದ ತುಂಡು ಸಿಕ್ಕಿಸಿ, ಉಳಿ ಹಿಡಿದು, ಹತ್ತು ನಿಮಿಷದಲ್ಲಿ ಬೆಲ್‌ಮೌತ್‌ನ ಬಾಗಿಗೆ ಸರಿಯಾಗಿ ಒಪ್ಪುವ ಬುಗುರಿಯಾಕಾರದ ಬಿರಡೆ ತೆಗೆದರು. ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಹರಡುತ್ತ ಹೋಯಿತು, ತಾಳೆಗರಿ ಹಿಡಿದು ಅದಕ್ಕೆ ಹೊಳಪು ಕೊಟ್ಟರು. ಒಳಗೆ ಹೋಗುವ ಭಾಗಕ್ಕೆ ಬಣ್ಣ ಬೇಡ ಎಂದು ನಾನು ಕೇಳಿಕೊಂಡೆ. ಅರಗು ಪೆಟ್ರೋಲಿಗೆ ಕರಗುವುದಿಲ್ಲ, ಆದರೆ ಸ್ಪಿರಿಟ್ಟಿಗೆ ಕರಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಆವಿ ತಾಕುವ ಜಾಗದಲ್ಲಿ ಬರಿ ಮರವೇ ಲೇಸು. ಮಳೆಗಾಲದಲ್ಲಿ ಮರ ಉಬ್ಬಿ ಸಿಕ್ಕಿಕೊಳ್ಳದಿರಲೆಂದು ಅರ್ಧ ಮಿಲಿಮೀಟರ್ ಸಡಿಲ ಬಿಟ್ಟು, ಸುತ್ತ ತೆಳುವಾದ ಉಣ್ಣೆಯ ಪಟ್ಟಿ ಅಂಟಿಸಿದೆ.

ಬಿರಡೆಯ ನಡುವೆ ಒಂದು ತೂತು ಕೊರೆದು ಕೆಂಪು ದಾರ ಪೋಣಿಸಿದ್ದೇನೆ. ದಾರದ ಇನ್ನೊಂದು ತುದಿ ಕಿಕ್ಕರಿಗೆ ಎರಡು ಸುತ್ತು. ದಾರ ಬಿಚ್ಚದೆ ಕಿಕ್ ಹೊಡೆಯುವಂತಿಲ್ಲ, ದಾರ ಬಿಚ್ಚಿದರೆ ಬಿರಡೆ ಕೈಗೆ ಬರುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಬಿರಡೆ ಒಂದೇ ಸಾಲದು. ಕಿಕ್ಕರನ್ನು ನಿಧಾನವಾಗಿ ಒತ್ತಿ ಪಿಸ್ಟನ್ ಕಂಪ್ರೆಷನ್ನಿನ ತುದಿಗೆ ಬರುವಲ್ಲಿ ನಿಲ್ಲಿಸಬೇಕು. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಮಳೆಗಾಲದ ತೇವ ಬೋರಿನೊಳಗೆ ಇಳಿದು ತುಕ್ಕು ಹಿಡಿಸುವುದಿಲ್ಲ. ಸೈಲೆನ್ಸರಿನ ತುದಿಗೂ ಒಂದು ಮುಚ್ಚಳ ಬೇಕು.

ಮೈಸೂರಿನಲ್ಲಿದ್ದು ಜಾವಾ ಗಾಡಿಯ ಮಾತೆತ್ತದೆ ಈ ವಿಷಯ ಮುಗಿಸಲಾಗದು. 1961ರಲ್ಲಿ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ 250 ಗಾಡಿಗಳಲ್ಲಿ ಕಾರ್ಬೊರೇಟರ್ ಕಣ್ಣಿಗೇ ಬೀಳುತ್ತಿರಲಿಲ್ಲ. ಅದನ್ನು ಒಂದು ಲೋಹದ ಮುಚ್ಚಳದ ಮರೆಯಲ್ಲಿಟ್ಟಿದ್ದರು. ಗಾಳಿ ಸೋಸುವುದು ಆ ಮುಚ್ಚಳದ ಕೆಲಸವಲ್ಲ, ಅದಕ್ಕೆ ಬೇರೆ ಫಿಲ್ಟರ್ ಇದೆ. ಆದರೆ ಚಕ್ರ ಎರಚುವ ಕೆಸರು, ಮಳೆನೀರು, ಸವಾರನ ಪ್ಯಾಂಟಿನ ಅಂಚು ಕಾರ್ಬೊರೇಟರ್‌ಗೆ ತಾಕದಂತೆ ಅದು ಕಾಯುತ್ತದೆ. ನಿಂತಲ್ಲಿ ಎಂಜಿನ್ ಓಡುವ ವೇಗವನ್ನು ಹದ ಮಾಡುವ ಸ್ಲೋ ಸ್ಕ್ರೂ ತಿರುಗಿಸಲು ಪ್ರತಿ ಸಲ ಮುಚ್ಚಳ ಬಿಚ್ಚಬೇಕಾದ್ದರಿಂದ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕದೆ ಮೂಲೆಗೆ ಎಸೆದ ಗ್ಯಾರೇಜುಗಳು ಬಹಳ. ಅಪ್ಪನ ಜಾವಾದ ಮುಚ್ಚಳವೂ ಹಾಗೆಯೇ ಹೋಗಿತ್ತು. ಎಷ್ಟೋ ವರ್ಷದ ನಂತರ ಗುಜರಿ ಅಂಗಡಿಯೊಂದರಲ್ಲಿ ಅದರ ಜೊತೆಯದ್ದು ಸಿಕ್ಕಾಗ ಅಪ್ಪ ಅದನ್ನು ಮನೆಗೆ ತಂದು ಮೊದಲು ದೇವರ ಮುಂದೆ ಇಟ್ಟರು. ಟೂ ಸ್ಟ್ರೋಕ್ ಗಾಡಿಗೆ ಧೂಳಿನ ಹೆದರಿಕೆ ನನ್ನ ಎಂ-20 ಗಾಡಿಗಿಂತ ಹೆಚ್ಚು ಎಂಬುದನ್ನೂ ಇಲ್ಲಿ ಹೇಳಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ನೇರವಾಗಿ ಬೋರಿಗೆ ಹೋಗುತ್ತದೆ. ಜಾವಾದಲ್ಲಿ ಅದು ಮೊದಲು ಕ್ರ್ಯಾಂಕ್‌ಕೇಸಿಗೆ ಇಳಿದು, ಬೇರಿಂಗುಗಳನ್ನು ಸವರಿಕೊಂಡು, ಆಮೇಲೆ ಮೇಲೇರುತ್ತದೆ. ಬಂದ ಧೂಳು ಬೋರನ್ನು ಮುಟ್ಟುವ ಮುಂಚೆ ಕ್ರ್ಯಾಂಕಿನ ಬೇರಿಂಗನ್ನು ಮುಟ್ಟಿರುತ್ತದೆ. ಬೋರನ್ನು ದೊಡ್ಡದು ಮಾಡಿಸಬಹುದು, ಕ್ರ್ಯಾಂಕ್ ಬಿಚ್ಚಿ ಒತ್ತಿ ಕೂರಿಸುವವರು ಈಗ ಸಿಗುವುದು ಕಷ್ಟ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಸಾಮಾನಿನ ಡಬ್ಬದಲ್ಲಿ ಅಂಥ ಮುಚ್ಚಳವೊಂದು ಬಿದ್ದಿದ್ದರೆ ದಯವಿಟ್ಟು ಹುಡುಕಿ ಗಾಡಿಗೆ ಹಾಕಿ.

ವೋಕ್ಸ್ ಡಬ್ಬಿಯನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಹೊಸದಾಗಿ ಮಾಡಿದ ನಕಲುಗಳು ಹೊರದೇಶದಲ್ಲಿ ಸಿಗುತ್ತವೆ, ಆದರೆ ತಾತನ ಗಾಡಿಗೆ ಹಳೆಯದೇ ಸಿಗಲಿ ಎಂಬ ಆಸೆ. ಸಿಗುವವರೆಗೆ ಜಾಲರಿ, ಫಿಲ್ಟರ್ ಮತ್ತು ಚನ್ನಪಟ್ಟಣದ ಬಿರಡೆ ಇವು ಸರದಿಯ ಮೇಲೆ ಕೆಲಸ ಮಾಡುತ್ತಿವೆ. ಕಳೆದ ತಿಂಗಳು ಊರಿನ ಕೊಟ್ಟಿಗೆಯಲ್ಲಿ ಗೋಣಿತಾಟು ತೆಗೆದಾಗ ಬಿರಡೆಯ ಕೆಂಪು ಅಂಚಿನ ಮೇಲೆ ಕಡಲೆಕಾಳಿನಷ್ಟು ಹಸಿ ಮಣ್ಣು ಇತ್ತು. ಕಡಜ ಬಂದು, ತೂತು ಹುಡುಕಿ, ಸಿಗದೆ ಹೋಗಿತ್ತು. ಮಣ್ಣನ್ನು ಒರೆಸಿ, ದಾರ ಬಿಚ್ಚಿ, ಬಿರಡೆಯನ್ನು ಜೇಬಿಗೆ ಹಾಕಿಕೊಂಡು, ಬೆಲ್‌ಮೌತ್‌ನ ಒಳಗೆ ಟಾರ್ಚ್ ಬಿಟ್ಟು ಒಮ್ಮೆ ನೋಡಿ, ಆಕ್ಸಿಲರೇಟರ್ ಹಿಡಿ ಸಲೀಸಾಗಿ ತಿರುಗುವುದನ್ನು ಖಚಿತಪಡಿಸಿಕೊಂಡು ಕಿಕ್ ಹೊಡೆದೆ.